ಮುಡಿಪಿಗೆ ಹೋದ ಬೆಳ್ಳಿ ನಾಣ್ಯ

ನೋವಿಗೆ ಹೊಡೆಯುವ ಸ್ಪ್ರೇಯ ವಾಸನೆ ನನಗೆ ಆಗುವುದಿಲ್ಲ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಯಾರಾದರೂ ಅದನ್ನು ಬ್ಯಾಗಿನಿಂದ ತೆಗೆದರೆ, ಸಿಕ್ಕ ಸೀಟು ಬಿಟ್ಟು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ. ಆದರೆ ಕಳೆದ ತಿಂಗಳು ಎದ್ದು ಹೋಗುವ ಹಾಗಿರಲಿಲ್ಲ. ಖಾರಘರದ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನ್ನದೇ ಮೊಣಕಾಲು ಚಾಚಿಕೊಂಡು ಮಂಚದ ಮೇಲೆ ಕುಳಿತಿದ್ದೆ. ಪರದೆಯ ಆಚೆ ಯಾರಿಗೋ ಸ್ಪ್ರೇ ಹೊಡೆದರು. ಅದರ ಹಿಂದೆಯೇ ಒಬ್ಬ ಹುಡುಗಿ ಪರದೆ ಸರಿಸಿ ಒಳಗೆ ಬಂದಳು.

"ಕಾಲು ಸಡಿಲ ಬಿಡಿ ಕಾಕು. ಕರೆಂಟ್ ಪಟ್ಟಿ ಇಡ್ತೇನೆ. ಮೊದಲು ಸ್ವಲ್ಪ ಚುರುಚುರು ಅಂತದೆ."

ಕನ್ನಡ ನಮ್ಮ ಉಡುಪಿ ಕಡೆಯದು, ಆದರೆ ಚಿಕ್ಕಮ್ಮ ಅನ್ನುವ ಬದಲು ಕಾಕು ಎಂದದ್ದು ಮರಾಠಿಯಲ್ಲಿ. ಪ್ರಪಂಚದಲ್ಲಿ ಹೀಗೆ ಕಲಸಿ ಮಾತಾಡುವವಳು ಒಬ್ಬಳೇ. ನಾನು ಮುಖ ಎತ್ತಿದೆ. ವೈಶಾಲಿ. ಎಂಟು ವರ್ಷಗಳ ಹಿಂದೆ ನನ್ನ ಮಗಳು ಶ್ರಾವ್ಯಾಳ ಜೊತೆ ಓಡುತ್ತಿದ್ದವಳು.

"ಕೇಸ್ ಪೇಪರಲ್ಲಿ ಹೆಸರು ನೋಡಿಯೇ ಗೊತ್ತಾಯ್ತು," ಎಂದಳು. ನಾನು "ಚೆನ್ನಾಗಿದ್ದೀಯಾ?" ಎಂದೆ. ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತಿನ ಬದಲು ಬಂದದ್ದು ಅದೊಂದೇ. ಅವಳು ಯಂತ್ರದ ಗುಂಡಿ ತಿರುಗಿಸಿ ಇನ್ನೊಂದು ಮಂಚದ ಕಡೆ ಹೋದಳು. ನಾನು ಆ ಮಳೆಗಾಲಕ್ಕೆ ಹೋದೆ.

ಆಗ ನಾವು ಡೊಂಬಿವಲಿ ಪೂರ್ವದಲ್ಲಿದ್ದೆವು. ನನ್ನವರು ತಮ್ಮ ಅಣ್ಣನ ಜೊತೆ ಸೇರಿ ಕಲ್ಯಾಣದಲ್ಲಿ ಒಂದು ಸಣ್ಣ ವೆಜ್ ಹೋಟೆಲು ನಡೆಸುತ್ತಿದ್ದರು. ನಾನು ದಿನಾ ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಕುಳಿತು ಮಹಾಪೆಯ ಆಫೀಸಿಗೆ ಹೋಗಿಬರುತ್ತಿದ್ದೆ. ಮನೆಯಲ್ಲಿ ಅತ್ತೆ ಇದ್ದರು. ಎಂಬತ್ತು ದಾಟಿದ ಅವರಿಗೆ ಕೈ ನಡುಗುವ ಕಾಯಿಲೆ. ಒಂದು ಕಾಲದಲ್ಲಿ ಮೊಳಗಟ್ಟಲೆ ಮಲ್ಲಿಗೆ ಕಟ್ಟುತ್ತಿದ್ದ ಕೈ, ಆ ವರ್ಷ ಸೆರಗಿನ ತುದಿಗೆ ಒಂದು ಗಂಟು ಹಾಕಲೂ ಸೋಲುತ್ತಿತ್ತು. ಕಿವಿಯೂ ಮಂದವಾಗಿತ್ತು.

ಶ್ರಾವ್ಯಾಗೆ ಆಗ ಹದಿನೇಳು. ಎಂಟುನೂರು ಮೀಟರ್ ಓಡುತ್ತಿದ್ದಳು. ನಮ್ಮ ಏಳು ತಲೆಮಾರಿನಲ್ಲಿ ಬಸ್ಸಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಓಡಿದವರಿಲ್ಲ, ಇವಳಿಗೆ ಎಲ್ಲಿಂದ ಬಂತು ಇದು ಎಂದು ನನ್ನವರು ತಮಾಷೆ ಮಾಡುತ್ತಿದ್ದರು. ನಗರಪಾಲಿಕೆಯ ಮೈದಾನದಲ್ಲಿ ದಳವಿ ಸರ್ ಎಂಬುವರು ಹತ್ತಾರು ಹುಡುಗಿಯರಿಗೆ ಓಟ ಕಲಿಸುತ್ತಿದ್ದರು. ಮೈದಾನವೆಂದರೆ ಅರ್ಧ ವರ್ಷ ಮದುವೆ ಮಂಟಪ, ಇನ್ನರ್ಧ ವರ್ಷ ಕೆಸರು. ಆ ಕೆಸರಿನಲ್ಲಿ ಶೂಗಳ ಲೇಸು ಬಿಚ್ಚಬಾರದೆಂದು ಸರ್ ಅವರಿಗೆ ಒಂದು ಗಂಟು ಕಲಿಸಿದ್ದರು. ಎರಡು ಕುಣಿಕೆ ಹಾಕಿ, ಒಂದರೊಳಗೆ ಇನ್ನೊಂದನ್ನು ಎರಡು ಸಲ ಸುತ್ತಿ ಎಳೆಯುವುದು. ಮಗಳ ಶೂ ತೊಳೆಯುವಾಗಲೆಲ್ಲ ಅದನ್ನು ಬಿಚ್ಚಲು ನನಗೆ ಹಲ್ಲು ಬೇಕಾಗುತ್ತಿತ್ತು.

ಅಲ್ಲಿಗೆ ಬದಲಾಪುರದಿಂದ ಟ್ರೇನು ಹಿಡಿದು ಬರುತ್ತಿದ್ದವಳು ವೈಶಾಲಿ. ಅಪ್ಪ ಇಲ್ಲ. ಅಮ್ಮ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗಿಗೆ ಹೋಗುತ್ತಿದ್ದಳು. ಮಳೆ ಜೋರಾಗಿ ಹಳಿಯ ಮೇಲೆ ನೀರು ನಿಂತರೆ ಅವಳ ಕಡೆಯ ಟ್ರೇನು ಬಂದ್, ಅಂದು ಅವಳು ನಮ್ಮ ಮನೆಯಲ್ಲೇ. ನಮ್ಮ ಮಗಳು ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಈ ಹುಡುಗಿ ಅಜ್ಜಿಯ ಪಕ್ಕ ಕುಳಿತು, ಅವರ ಬದಲು ಬತ್ತಿ ಹೊಸೆಯುತ್ತ, ಎರಡು ಮಳೆಗಾಲದಲ್ಲಿ ಕನ್ನಡ ಕಲಿತುಬಿಟ್ಟಳು. "ಎಂತ ಅಜ್ಜಿ, ಊಟ ಆಯ್ತಾ?" ಎಂದು ಒಳಗೆ ಬರುತ್ತಿದ್ದಳು. ಅತ್ತೆಯವರಿಗೆ ಅವಳೆಂದರೆ ಪಂಚಪ್ರಾಣ. ನನಗೂ ಇಷ್ಟವೇ ಇತ್ತು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

ಇನ್ನು ಆ ನಾಣ್ಯ. ದಳವಿ ಸರ್ ಅವರ ಅಣ್ಣ ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾಗ ಯಾವುದೋ ದೂರದೇಶದ ಬಂದರಿನಿಂದ ತಂದುಕೊಟ್ಟದ್ದು. ಆ ದೇಶದಲ್ಲಿ ಜಗತ್ತಿನ ದೊಡ್ಡ ಕ್ರೀಡಾಕೂಟ ನಡೆಯಬೇಕಿತ್ತಂತೆ. ಖರ್ಚಿಗೆ ಸಾಲದೆ ಅಲ್ಲಿನ ಸರಕಾರ ಬೆಳ್ಳಿಯ ನಾಣ್ಯ ಹೊರಡಿಸಿ, ಅದರ ಮೇಲೆ ಬರೆದ ಬೆಲೆಗಿಂತ ಹೆಚ್ಚಿಗೆ ಮಾರಿ, ಆ ಹೆಚ್ಚಿನ ದುಡ್ಡನ್ನು ಕ್ರೀಡಾಂಗಣಕ್ಕೆ ಹಾಕಿತಂತೆ. ಅಂಗೈ ತುಂಬುವಷ್ಟು ದೊಡ್ಡದು, ಕೈಗೆ ಭಾರ. ಒಂದು ಬದಿಯಲ್ಲಿ ನಮಗೆ ಓದಲು ಬಾರದ ಲಿಪಿ. ಇನ್ನೊಂದು ಬದಿಯಲ್ಲಿ ಓಡುವ ಹೆಣ್ಣು. ಮುಖ ಸಣ್ಣದು, ಕಾಲುಗಳೇ ದೊಡ್ಡವು. ಮುಂದೆ ಚಾಚಿದ ಕಾಲಿನ ಮೊಣಕಾಲ ಚಿಪ್ಪು ಕೂಡ ಎದ್ದು ಕಾಣುತ್ತಿತ್ತು.

"ಇದನ್ನು ಕೊಂಡವರ ದುಡ್ಡಿಂದ ಟ್ರ್ಯಾಕ್ ಆಯಿತು. ಅಂದರೆ ಅಲ್ಲಿ ಒಂದು ಗೇಣು ನಮ್ಮದೂ ಇದೆ," ಎಂದು ಸರ್ ಹುಡುಗಿಯರಿಗೆ ಮರಾಠಿಯಲ್ಲಿ ಹೇಳುತ್ತಿದ್ದರು. ಆ ಗೇಣು ಟ್ರ್ಯಾಕಿನಲ್ಲಿ ಎಲ್ಲಿರಬಹುದು ಎಂದು ಇವರಿಬ್ಬರ ಜಗಳ. ಶುರುವಿನ ಗೆರೆಯ ಹತ್ತಿರ ಎಂದು ಶ್ರಾವ್ಯಾ. ಮುಗಿಯುವ ಗೆರೆ ಎಂದು ವೈಶಾಲಿ. ತಿಂಗಳ ಕೊನೆಯ ಭಾನುವಾರ ಸರ್ ಇಬ್ಬರನ್ನೂ ಓಡಿಸುತ್ತಿದ್ದರು. ಗೆದ್ದವಳ ಮನೆಯಲ್ಲಿ ಮುಂದಿನ ತಿಂಗಳು ನಾಣ್ಯ. ಆ ವರ್ಷ ಏಪ್ರಿಲ್, ಮೇ, ಜೂನ್ ಮೂರು ತಿಂಗಳೂ ಅದು ಬದಲಾಪುರದಲ್ಲಿತ್ತು. ಜುಲೈಯಲ್ಲಿ ವೈಶಾಲಿ ಕೆಸರಿನಲ್ಲಿ ಜಾರಿದಳು, ನಾಣ್ಯ ನಮ್ಮ ಮನೆಗೆ ಬಂತು. ಶ್ರಾವ್ಯಾ ಅದನ್ನು ತನ್ನ ಪುಸ್ತಕದ ಕಪಾಟಿನಲ್ಲಿ ಪೌಡರ್ ಡಬ್ಬಿಯೊಳಗೆ ಇಟ್ಟಳು.

ಆಗಸ್ಟ್‌ನಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಪುಣೆಯ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಈ ಮೈದಾನದಿಂದ ಒಂದು ಹೆಸರು ಕಳಿಸಬಹುದು, ಒಂದೇ. ಆಯ್ಕೆಯಾದರೆ ಊಟ, ವಸತಿ, ಓದು, ತರಬೇತಿ ಎಲ್ಲ ಅವರದೇ. ತಿಂಗಳ ಕೊನೆಯ ಓಟ ನೋಡಿ ಹೆಸರು ಬರೆಯುತ್ತೇನೆ ಎಂದರು ಸರ್. ಇನ್ನೊಂದು ಸುದ್ದಿ ಶ್ರಾವ್ಯಾಳ ಎಡ ಮೊಣಕಾಲಿನ ನೋವು. ರಾತ್ರಿ ಮಲಗಿದವಳು ಬೆಳಿಗ್ಗೆ ಕಾಲು ಮಡಿಸಲಾರಳು. ಮನೆಯ ತುಂಬ ಆ ಸ್ಪ್ರೇಯ ವಾಸನೆ. ಸರ್‌ಗೆ ಹೇಳಬೇಡ, ಸ್ವಲ್ಪ ಉಳುಕು ಅಂತ ಹೇಳು ಎಂದು ನಾನೇ ಕಲಿಸಿಕೊಟ್ಟೆ.

ಒಂದು ಗುರುವಾರ ನನ್ನವರು ಅವಳನ್ನು ಥಾಣೆಗೆ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದರು. ನಾನು ಆಫೀಸಿನಲ್ಲಿದ್ದೆ. ಮಳೆಗೆ ಟ್ರೇನು ನಿಂತು ವೈಶಾಲಿ ನಮ್ಮ ಮನೆಗೆ ಬಂದಿದ್ದಳು. ಮನೆಯಲ್ಲಿ ಅತ್ತೆ ಮತ್ತು ಅವಳು, ಇಬ್ಬರೇ. ಸಂಜೆ ನಾನು ಬರುವಷ್ಟರಲ್ಲಿ ಟ್ರೇನು ಶುರುವಾಗಿ ಅವಳು ಹೋಗಿಯಾಗಿತ್ತು.

ಮರುದಿನ ದೇವರಿಗೆ ದೀಪ ಹಚ್ಚುವಾಗ ಗೂಡಿನಲ್ಲಿ ಒಂದು ಹೊಸ ಮುಡಿಪು ಕಂಡಿತು. ನಮ್ಮ ಮನೆಯಲ್ಲಿ ಮುಡಿಪು ಹೊಸದಲ್ಲ. ಯಾರಿಗಾದರೂ ಕಷ್ಟ ಬಂದರೆ ಅತ್ತೆ ತಿಮ್ಮಪ್ಪನ ಹೆಸರು ಹೇಳಿ ಅರಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಇಡುವರು. ಕೇಳಿಕೊಂಡದ್ದು ಆಗುವ ತನಕ ಅದು ಗೂಡಿನಲ್ಲಿ. ಆದ ಮೇಲೆ ಒಂದು ದಿನವೂ ಮನೆಯಲ್ಲಿ ಇಡುವಂತಿಲ್ಲ, ಬೆಟ್ಟ ಹತ್ತಿ ಒಪ್ಪಿಸಲೇಬೇಕು. ನಡುವೆ ಬಿಚ್ಚಬಾರದು, ಯಾತಕ್ಕೆ ಕಟ್ಟಿದ್ದೆಂದು ಬಾಯಿಬಿಟ್ಟು ಹೇಳಲೂಬಾರದು. ಆದರೆ ಈ ಮುಡಿಪು ಬಲು ದೊಡ್ಡದಿತ್ತು. ಕೈಯಲ್ಲಿ ಹಿಡಿದೆ. ಅಂಗೈ ತುಂಬುವಷ್ಟು, ಭಾರ. ಬಟ್ಟೆಯ ಮೇಲಿಂದಲೇ ಬೆರಳಿಗೆ ಆ ಚಾಚಿದ ಕಾಲು ಸಿಕ್ಕಿತು.

"ಅತ್ತೆ, ಇದು ಸರ್ ಕೊಟ್ಟ ನಾಣ್ಯ," ಎಂದೆ, ಕಿವಿಯ ಹತ್ತಿರ ಬಾಗಿ.

ಅವರು ಬಾಯಿಗೆ ಬೆರಳಿಟ್ಟರು. ಆಮೇಲೆ ಮೆಲ್ಲನೆ ಹೇಳಿದರು. "ನಮ್ಮ ಊರಲ್ಲಿ ಕಾಲು ನೋವಿಗೆ ದೇವರಿಗೆ ಬೆಳ್ಳಿಯ ಕಾಲು ಮಾಡಿಸಿ ಕೊಡುವುದುಂಟಲ್ಲ. ಇದಕ್ಕಿಂತ ಒಳ್ಳೇ ಕಾಲು ಯಾವ ಅಕ್ಕಸಾಲಿ ಮಾಡಿಯಾನು ಮಾರಾಯ್ತಿ? ಬೆಳ್ಳಿಯೂ ಹೌದು, ಓಡುವ ಕಾಲೂ ಹೌದು. ಅಂಗಡಿಗೆ ಹೋಗಿ ಬಂದ ನಾಣ್ಯ ಅಲ್ಲ, ಎಂಜಲಿಲ್ಲ. ಮಗುವಿಗೆ ಗುಣ ಆಗ್ಲಿ, ಮತ್ತೆ ಹೇಳುವ."

ಅವರ ಲೆಕ್ಕದಲ್ಲಿ ತಪ್ಪೇನಿತ್ತು? ನಾನು ಮುಡಿಪನ್ನು ಇದ್ದಲ್ಲೇ ಇಟ್ಟು ಕೈಮುಗಿದೆ.

ಶನಿವಾರ ಶ್ರಾವ್ಯಾ ಪೌಡರ್ ಡಬ್ಬಿ ತೆರೆದಳು. ಮರುದಿನವೇ ತಿಂಗಳ ಕೊನೆಯ ಓಟ, ನಾಣ್ಯ ಒಯ್ಯಬೇಕು. ಕಪಾಟು, ಹಾಸಿಗೆ, ಅಕ್ಕಿ ಡಬ್ಬ ಎಲ್ಲ ತಲೆಕೆಳಗಾದವು. ದೇವರ ಗೂಡೊಂದನ್ನು ಬಿಟ್ಟು. ಒಳಗೆ ಮಲಗಿದ್ದ ಅತ್ತೆಗೆ ಇದೇನೂ ಕೇಳಿಸಲಿಲ್ಲ. "ಮಮ್ಮಿ, ಗುರುವಾರ ಘರ್ ಮೇ ವೈಶಾಲಿ ಕೇ ಸಿವಾ ಕೌನ್ ಥಾ?" ಎಂದಳು ಕೊನೆಗೆ, ಅಳುತ್ತ. ಗುರುವಾರ ಮನೆಯಲ್ಲಿ ವೈಶಾಲಿಯಲ್ಲದೆ ಇನ್ಯಾರಿದ್ದರು ಎಂಬುದು ಅವಳ ಪ್ರಶ್ನೆ. ಅಜ್ಜಿ ಇದ್ದರು ಎಂದು ನಾನು ಹೇಳಬಹುದಿತ್ತು. ಎರಡೇ ಶಬ್ದ. ಮುಡಿಪಿನ ವಿಷಯ ಆಡಬಾರದು, ಆಡಿದರೆ ಮಗಳ ಕಾಲಿಗೇ ಕೇಡು ಎಂದು ನನಗೆ ನಾನೇ ಹೇಳಿಕೊಂಡೆ. ನಾಳೆ ಅವಳು ತಣ್ಣಗಾದ ಮೇಲೆ ನೋಡೋಣ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ನಾನೂ ಹೋದೆ. ಸಣ್ಣ ಮಳೆ. ಓಟಕ್ಕೆ ಮುಂಚೆಯೇ ಶ್ರಾವ್ಯಾ ಎಲ್ಲರ ಎದುರು ಹೇಳಿಬಿಟ್ಟಳು. ದಳವಿ ಸರ್ ಒಳ್ಳೆಯ ಮನುಷ್ಯ, ಅವರಿಗೆ ಬೇಡವಾಗಿತ್ತು. ಆದರೂ ವೈಶಾಲಿಯ ಬ್ಯಾಗು ಬಿಚ್ಚಿಸಿದರು. ಒದ್ದೆ ಟವೆಲು, ಪೇಪರಿನಲ್ಲಿ ಸುತ್ತಿದ ಎರಡು ಚಪಾತಿ, ಒಂದು ಜೊತೆ ಕಾಲುಚೀಲ, ಟ್ರೇನಿನ ಪಾಸು. ನಾಣ್ಯ ಇರಲಿಲ್ಲ.

"ಮೀ ಘೇತಲಂ ನಾಹೀ ಸರ್," ನಾನು ತೆಗೆದುಕೊಂಡಿಲ್ಲ ಎಂದಳು ಹುಡುಗಿ.

"ಹಾಗಾದರೆ ಎಲ್ಲಿ ಹೋಯಿತು? ನಿನಗೆ ಗೊತ್ತಿದೆಯಾ?"

ಅವಳು ಮಾತಾಡಲಿಲ್ಲ. ಗೊತ್ತಿಲ್ಲ ಎಂದು ಒಂದು ಮಾತು ಅಂದಿದ್ದರೆ ಬಹುಶಃ ಎಲ್ಲರೂ ನಂಬುತ್ತಿದ್ದರು. ಸರ್ ಮತ್ತೊಮ್ಮೆ ಕೇಳಿದರು. ಅವಳು ಆಗಲೂ ಸುಮ್ಮನೆ ನಿಂತಳು. ಆ ಮೌನವನ್ನು ಎಲ್ಲರೂ ಒಂದೇ ರೀತಿ ಓದಿದರು. ಅವಳು ಒಂದು ಸಲ ನನ್ನ ಕಡೆ ನೋಡಿದಳು. ನಾನು ಛತ್ರಿ ಹಿಡಿದು ಕಾಲಬುಡದ ನೀರು ನೋಡುತ್ತಿದ್ದೆ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಮೌನ ಯಾವ ಲೋಹದ್ದೆಂದು ನನಗೆ ಗೊತ್ತಿದೆ, ಈಗ ಬರೆದುಬಿಡುತ್ತೇನೆ. ಮುಡಿಪಿಗೆ ಹೆದರಿದ್ದು ನಿಜ. ಆದರೆ ಅಷ್ಟೇ ಅಲ್ಲ. ಅಲ್ಲಿ ನಿಂತಿದ್ದಾಗ ನನ್ನೊಳಗೆ ಇನ್ನೊಂದು ಲೆಕ್ಕ ನಡೆದಿತ್ತು. ಈ ಹುಡುಗಿ ಓಡಿದರೆ ಗೆಲ್ಲುತ್ತಾಳೆ. ಓಡದಿದ್ದರೆ ಹೆಸರು ನನ್ನ ಮಗಳದು.

ವೈಶಾಲಿ ಓಡಲಿಲ್ಲ. ಬ್ಯಾಗಿಗೆ ಸಾಮಾನು ತುಂಬಿಕೊಂಡು ಸ್ಟೇಷನ್ನಿನ ದಾರಿ ಹಿಡಿದಳು, ಮರುದಿನದಿಂದ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆ ಮೈದಾನದಲ್ಲಿ ಅವಳ ಹೆಸರು ಕಳ್ಳಿ ಎಂದೇ ಉಳಿಯಿತು. ಸರ್ ಕೂಡ ಆ ವರ್ಷ ದಸರೆಯ ಹೊತ್ತಿಗೆ ತರಬೇತಿ ನಿಲ್ಲಿಸಿದರು.

ಶ್ರಾವ್ಯಾ ಸೆಪ್ಟೆಂಬರಿನಲ್ಲಿ ಆಯ್ಕೆಯ ಓಟಕ್ಕೆ ಪುಣೆಗೆ ಹೋದಳು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು. ನಾನು ಬೇಲಿಯ ಆಚೆ ನಿಂತಿದ್ದೆ. ಎರಡನೆಯ ಸುತ್ತಿನ ತಿರುವಿನಲ್ಲಿ ಅವಳ ಕಾಲು ಒಳಕ್ಕೆ ಮಡಿಚಿತು. ಬಿದ್ದವಳು ಏಳಲಿಲ್ಲ. ಆಪರೇಷನ್ ಆಯಿತು. ಅವಳು ಇವತ್ತಿಗೂ ಮೆಟ್ಟಿಲು ಇಳಿಯುವಾಗ ಎಡಗಾಲನ್ನು ಪಕ್ಕಕ್ಕೆ ಇಟ್ಟು ಇಳಿಯುತ್ತಾಳೆ. ಮಹಾಪೆಯ ಒಂದು ಕಂಪನಿಯಲ್ಲಿ ಕೆಲಸ. ಓಟದ ಮಾತು ಎತ್ತಿದರೆ ಎದ್ದು ಹೋಗುತ್ತಾಳೆ. ವೈಶಾಲಿಯ ಹೆಸರನ್ನು ಅವಳ ಬಾಯಲ್ಲಿ ನಾನು ಮತ್ತೆ ಕೇಳಿಲ್ಲ. ನಿಜ ಏನೆಂದು ನಾನು ಅವಳಿಗೂ ಹೇಳಿಲ್ಲ. ಬಿದ್ದ ಮಗಳಿಗೆ ನೀನು ತಪ್ಪು ಮಾಡಿದೆ ಎಂದು ಬೇರೆ ಹೇಳುವುದು ಹೇಗೆ ಎಂದು ಮೊದಲ ವರ್ಷ, ಈಗ ಹೇಳಿ ಏನು ಪ್ರಯೋಜನ ಎಂದು ಉಳಿದ ಏಳು ವರ್ಷ.

"ಬದಲಾಪುರದ ಹುಡುಗಿ ಯಾಕೆ ಬರುದಿಲ್ಲ?" ಎಂದು ಅತ್ತೆ ಕೇಳುತ್ತಿದ್ದರು. ಮೈದಾನದ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆ ಎಂದೆ. ಆಮೇಲೆ ಅವಳಿಗೆ ಕೆಲಸ ಸಿಕ್ಕಿತಂತೆ ಎಂದೆ. ಮುಂದಿನ ಮಳೆಗಾಲಕ್ಕೆ ಅತ್ತೆ ಹೋದರು. ಮುಡಿಪು ಉಳಿಯಿತು. ಕೇಳಿದ್ದು ಆಗದ ಮುಡಿಪನ್ನು ಏನು ಮಾಡಬೇಕೆಂದು ಅವರು ನನಗೆ ಹೇಳಿಕೊಟ್ಟಿರಲಿಲ್ಲ. ಮೂರು ವರ್ಷದ ಹಿಂದೆ ಡೊಂಬಿವಲಿಯ ಮನೆ ಮಾರಿ ಖಾರಘರಕ್ಕೆ ಬಂದಾಗ ಅದು ದೇವರ ಪೆಟ್ಟಿಗೆಯ ಜೊತೆ ಬಂತು. ದಿನಾ ದೀಪ ಹಚ್ಚುವಾಗ ಎದುರಿಗೇ ಇರುತ್ತದೆ. ಅರಸಿನ ಮಾಸಿ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿದೆ.

ಕ್ಲಿನಿಕ್ಕಿನಲ್ಲಿ ನನಗೆ ಹತ್ತು ಸಲ ಬರಲು ಹೇಳಿದ್ದರು. ಎರಡನೆಯ ಸಲ ಹೋಗುವಾಗ ಮುಡಿಪನ್ನು ಕರವಸ್ತ್ರದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ. ಎಲ್ಲ ಹೇಳಿಬಿಡಬೇಕು, ಅವಳೆದುರೇ ಬಿಚ್ಚಿ ನಾಣ್ಯ ಅವಳ ಕೈಗೆ ಕೊಡಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ವೈಶಾಲಿ ಪಟ್ಟಿ ಅಂಟಿಸಿ, ಗುಂಡಿ ತಿರುಗಿಸಿ, ಸ್ಟೂಲಿನ ಮೇಲೆ ಕುಳಿತಳು. ನಾನು ಮುಡಿಪು ತೆಗೆದು ಮಡಿಲಲ್ಲಿಟ್ಟುಕೊಂಡೆ.

"ವೈಶಾಲಿ, ಅದು ಇದರಲ್ಲಿ ಉಂಟು," ಎಂದೆ. "ನೀನು ತೆಗೆದದ್ದಲ್ಲ. ಅಜ್ಜಿ ಕಟ್ಟಿದ್ದು."

ಅವಳು ಮುಡಿಪನ್ನು ಎತ್ತಿಕೊಂಡು ನೋಡಿದಳು. ಅವಳ ಮುಖದಲ್ಲಿ ಒಂದು ಸಣ್ಣ ನಗು ಬಂತು. ಆಶ್ಚರ್ಯ ಇರಲಿಲ್ಲ.

"ಅಜ್ಜಿ ಕೈಯಲ್ಲಿ ಗಂಟು ಹಾಕ್ಲಿಕ್ಕೆ ಆಗ್ತಿತ್ತಾ ಕಾಕು?" ಎಂದಳು. "ನಾನು ಕಟ್ಟಿದ್ದು. ನೋಡಿ, ಸರ್ ಹೇಳಿಕೊಟ್ಟ ಗಂಟು."

ನೋಡಿದೆ. ಎರಡು ಕುಣಿಕೆ, ಒಂದರೊಳಗೆ ಇನ್ನೊಂದು, ಎರಡು ಸುತ್ತು. ಮಗಳ ಶೂಗಳಲ್ಲಿ ನಾನು ಹಲ್ಲಿನಿಂದ ಬಿಚ್ಚುತ್ತಿದ್ದ ಅದೇ ಗಂಟು. ಎಂಟು ವರ್ಷ ದಿನಾ ದೀಪದ ಬೆಳಕಿನಲ್ಲಿ ನೋಡಿದ್ದೆ.

"ಅವತ್ತು ಅಜ್ಜಿ ಹೇಳಿದ್ರು, ಯಾರ ಹತ್ರವೂ ಬಾಯಿ ಬಿಡಬೇಡ, ಬಿಟ್ರೆ ಶ್ರಾವ್ಯಾಳ ಕಾಲು ಸರಿ ಆಗುದಿಲ್ಲ ಅಂತ. ನಾನು ದೇವರ ಮುಂದೆ ಕೈ ಇಟ್ಟು ಆಯ್ತು ಅಂದಿದ್ದೆ." ಯಂತ್ರದ ಮೇಲಿನ ಸಮಯ ನೋಡಿ ಅವಳು ಮುಂದುವರಿಸಿದಳು. "ಮೈದಾನದಲ್ಲಿ ನಿಮ್ಮನ್ನು ನೋಡಿದೆ. ಇವರಿಗೆ ಗೊತ್ತಿಲ್ಲ, ಗೊತ್ತಿದ್ರೆ ಸುಮ್ಮನೆ ನಿಲ್ತಿರಲಿಲ್ಲ ಅಂತ ಅನ್ನಿಸ್ತು. ಗೊತ್ತಿಲ್ಲದ್ದೇ ಒಳ್ಳೇದಾಯ್ತು ಬಿಡಿ. ನೀವು ನನಗಾಗಿ ಅದನ್ನು ಬಿಚ್ಚಿಬಿಡ್ತಿದ್ರಿ."

ನನ್ನ ಕಾಲಿನೊಳಗೆ ಕರೆಂಟು ಚುರುಚುರು ಎನ್ನುತ್ತಿತ್ತು. ಇಷ್ಟು ವರ್ಷ ಈ ಹುಡುಗಿ ಕಳ್ಳಿ ಎನ್ನಿಸಿಕೊಂಡರೂ ನನ್ನನ್ನು ಒಳ್ಳೆಯವಳೆಂದು ಇಟ್ಟುಕೊಂಡಿದ್ದಾಳೆ. ನನಗೆ ಗೊತ್ತಿತ್ತು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮೈದಾನದಲ್ಲಿ ಕೆಳಗೆ ನೀರು ನೋಡಿದ್ದೆ, ಇಲ್ಲಿ ಮಂಚದ ಹೊದಿಕೆ ನೋಡಿದೆ.

"ಶ್ರಾವ್ಯಾಳ ಕಾಲು ಗುಣ ಆಯ್ತಲ್ಲ ಕಾಕು?" ಎಂದು ಕೇಳಿದಳು ವೈಶಾಲಿ.

"ಆಯ್ತು," ಎಂದೆ. "ಪೂರ್ತಿ ಗುಣ ಆಯ್ತು."

ಅವಳು ಸಂತೋಷದಿಂದ ತಲೆಯಾಡಿಸಿದಳು. ಆಮೇಲೆ ಅವಳ ಕಣ್ಣು ಕೈಯಲ್ಲಿದ್ದ ಮುಡಿಪಿನ ಮೇಲೆ ಹೋಯಿತು. ಗುಣವಾದ ಮೇಲೆ ಮುಡಿಪು ಮನೆಯಲ್ಲಿ ಉಳಿಯುವುದಿಲ್ಲವೆಂದು ಅಜ್ಜಿ ಅವಳಿಗೂ ಹೇಳಿಕೊಟ್ಟಿದ್ದರು. ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿ, ಆ ಚಾಚಿದ ಕಾಲು ಎಲ್ಲಿದೆಯೆಂದು ಹುಡುಕಿದ ಹಾಗೆ ಕಂಡಿತು. ಮುಡಿಪನ್ನು ನನ್ನ ಮಡಿಲಿಗೆ ವಾಪಸು ಇಟ್ಟು, ಕರವಸ್ತ್ರ ಮುಚ್ಚಿ ಎದ್ದಳು.

"ಇನ್ನೂ ಐದು ಮಿನಿಟು ಉಂಟು ಕಾಕು," ಎಂದಳು. "ಕಾಲು ಅಲ್ಲಾಡಿಸಬೇಡಿ."